ಢಾಕಾದ ವಿದ್ಯಾರ್ಥಿ ಸಂಘಟನೆಗಳು
ಆವಾಮಿ ಲೀಗ್ ಪಕ್ಷವು 1949ರಲ್ಲಿ ರೂಪುಗೊಳ್ಳುವ ಮೊದಲೇ, 1948ರ ಜನವರಿಯಲ್ಲಿ, ಶೇಖ್ ಮುಜಿಬುರ್ ರಹಮಾನ್ ಮೊದಲಾದವರು ‘ಛಾತ್ರ ಲೀಗ್’ ಎಂಬ ವಿದ್ಯಾರ್ಥಿ ಸಂಘಟನೆಯನ್ನು ಕಟ್ಟಿದ್ದರಿಂದ, ಪೂರ್ವ ಪಾಕಿಸ್ತಾನದಲ್ಲಿ ಅದು ಪಕ್ಷಕ್ಕಿಂತಲೂ ಹಿರಿಯದಾಯಿತು. ಉರ್ದುವೊಂದೇ ರಾಷ್ಟ್ರಭಾಷೆಯೆಂಬ ನಿಲುವನ್ನು ವಿರೋಧಿಸಿ, 1952ರ ಫೆಬ್ರವರಿ 21ರಂದು ಢಾಕಾದಲ್ಲಿ ನಿಷೇಧಾಜ್ಞೆ ಮುರಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಹಲವರು ಮಡಿದರು. 1956ರ ಸಂವಿಧಾನವು ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ನೀಡಿತು. 1969ರಲ್ಲಿ ಒಗ್ಗೂಡಿದ ಸಂಘಟನೆಗಳ ಹನ್ನೊಂದು ಅಂಶಗಳ ಬೇಡಿಕೆಪಟ್ಟಿಯು, ಮುಜಿಬರ ಆರು ಅಂಶಗಳ ಸ್ವಾಯತ್ತತೆಯ ಕಾರ್ಯಕ್ರಮಕ್ಕೆ ರೈತ–ಕಾರ್ಮಿಕರ ಹಿತವನ್ನೂ ಬೆಸೆದು, ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರ ಪದತ್ಯಾಗಕ್ಕೆ ಕಾರಣವಾದ ಜನಾಂದೋಲನಕ್ಕೆ ಬಲ ತುಂಬಿತು. ಪೂರ್ವ ಪಾಕಿಸ್ತಾನವು ಸ್ವತಂತ್ರ ಬಾಂಗ್ಲಾದೇಶವಾದ ಮೇಲೆ ಇಂಥ ಸಂಘಟನೆಗಳು 1990ರಲ್ಲಿ ಸೇನಾಡಳಿತಗಾರ ಎರ್ಷಾದರ ಆಳ್ವಿಕೆಯನ್ನು ಕೊನೆಗಾಣಿಸಲು ನೆರವಾದರೂ, ಕ್ರಮೇಣ ಪಕ್ಷಗಳ ಅಂಗಸಂಸ್ಥೆಗಳಾಗಿ ವಿದ್ಯಾರ್ಥಿನಿಲಯಗಳ ಮೇಲೆ ಹಿಡಿತ ಸಾಧಿಸುವುದರಲ್ಲೇ ಸವೆದವು. 2024ರಲ್ಲಿ ವಿದ್ಯಾರ್ಥಿಗಳ ಬಂಡಾಯವೇ ಆವಾಮಿ ಲೀಗ್ ಸರ್ಕಾರವನ್ನು ಉರುಳಿಸಿತು. ಆ ಅಕ್ಟೋಬರಿನಲ್ಲಿ, ಆ ಪಕ್ಷದ ಅಂಗಸಂಸ್ಥೆಯಾಗಿದ್ದ ಛಾತ್ರ ಲೀಗ್ ನಿಷೇಧಕ್ಕೊಳಗಾಯಿತು.