ಹೇಮಾವತಿಯ ಸೀಮೆಯ ಚಳಿಜ್ವರವೂ ಸಿಂಕೋನದ ಪರೀಕ್ಷೆಯೂ

ಸಹ್ಯಾದ್ರಿಯಿಂದಿಳಿದು ಹಾಸನದ ನೆಲವನ್ನು ಹಾಯ್ದು ಹೊಳೆನರಸೀಪುರದ ಕಡೆಗೆ ಹರಿಯುವ ಹೇಮಾವತಿಯೂ, ಅರಕಲಗೂಡಿನ ಕೊಣನೂರು ರಾಮನಾಥಪುರಗಳನ್ನು ಮುಟ್ಟಿ ಸಾಗುವ ಕಾವೇರಿಯೂ ಈ ಸೀಮೆಗೆ ಅನ್ನವನ್ನಿತ್ತ ನದಿಗಳು. ಶ್ರೀರಾಮದೇವರ ಅಣೆಕಟ್ಟಿನ ನಾಲೆ, ಕಟ್ಟೇಪುರದ ನಾಲೆ, ಚನ್ನರಾಯಪಟ್ಟಣದ ಕಡೆಯ ಕೆರೆಬಾವಿಗಳು ಇವೆಲ್ಲವೂ ಜನರ ಬದುಕಿಗೆ ಆಧಾರವಾಗಿದ್ದವು. ಆದರೆ ಅಂತಹ ನೀರಿನಲ್ಲಿಯೇ ಮೊಟ್ಟೆಯಿಡುವ ಅನಾಫಿಲಿಸ್ ಸೊಳ್ಳೆ ಚಳಿಜ್ವರವನ್ನು, ಅಂದರೆ ಮಲೇರಿಯವನ್ನು, ಮನೆಯಿಂದ ಮನೆಗೆ ಒಯ್ಯುತ್ತಿತ್ತು. ಮಂಜರಾಬಾದಿನ ಕಾಫಿತೋಟಗಳಿಗೆ ಕೂಲಿಗೆ ಹೋದವರಿಗಂತೂ ಮಲೆಯ ತೊರೆಗಳಲ್ಲಿ ಬೆಳೆಯುವ ಬೇರೊಂದು ಜಾತಿಯ ಸೊಳ್ಳೆ ಕಾದಿರುತ್ತಿತ್ತು. ದಿನ ಬಿಟ್ಟು ದಿನ ಮರುಕಳಿಸುವ ಆ ಜ್ವರಕ್ಕೆ ಸಿಕ್ಕಿದವರ ಹೊಟ್ಟೆಯ ಎಡಮಗ್ಗುಲಲ್ಲಿ ಜ್ವರಗಡ್ಡೆ ಬೆಳೆದು, ಮೈ ಬಿಳಚಿ, ದುಡಿಯುವ ಕೈ ಸೋಲುತ್ತಿತ್ತು.

ಈ ನಾಡಿನವರು ಕೈಕಟ್ಟಿ ಕುಳಿತವರಲ್ಲ. ನೆಲಬೇವಿನ ಕಷಾಯ, ಅಮೃತಬಳ್ಳಿಯ ರಸ, ಮದ್ದಾಲೆಯ ತೊಗಟೆ ಇವುಗಳನ್ನು ಹಿರಿಯರು ಬಲ್ಲರು. ಮದ್ದಾಲೆಯ ತೊಗಟೆಯಂತೂ 1868ರ ಭಾರತದ ಔಷಧಸಂಹಿತೆಯಲ್ಲಿಯೇ ಸ್ಥಾನ ಪಡೆಯಿತು. ಆದರೆ ಜ್ವರವು ತಾನಾಗಿಯೇ ಬಿಟ್ಟುಬಿಟ್ಟು ಬರುವ ಸ್ವಭಾವದ್ದಾದ ಕಾರಣ, ಕಷಾಯ ಕುಡಿದ ಮರುದಿನ ಮೈ ತಂಪಾದರೆ ಅದು ಕಷಾಯದ ಗುಣವೋ ಜ್ವರದ ಸಹಜಗತಿಯೋ ಎಂಬುದನ್ನು ಒಬ್ಬ ರೋಗಿಯನ್ನು ನೋಡಿ ನಿರ್ಣಯಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಔಷಧಿಯ ಸತ್ಯವನ್ನು ತಿಳಿಯಲು ಅನೇಕ ರೋಗಿಗಳನ್ನು ಎಣಿಸಿ ನೋಡಬೇಕು.

ಅಂತಹ ಎಣಿಕೆ ನಡೆದುದು ನಮ್ಮ ನೆರೆಯಲ್ಲಿಯೇ. ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆಯಿಂದ 1820ರಲ್ಲಿ ಪೆಲೆಟಿಯೇ ಮತ್ತು ಕಾವೆಂಟೂ ಎಂಬ ಫ್ರೆಂಚ್ ರಸಾಯನಜ್ಞರು ಕ್ವಿನೈನನ್ನು ಬೇರ್ಪಡಿಸಿದ್ದರು. 1860ರ ಸುಮಾರಿಗೆ ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮನ ಪ್ರಯತ್ನದಿಂದ ಆ ಮರ ನೀಲಗಿರಿಯಲ್ಲಿ ಬೇರೂರಿತು. ತೊಗಟೆಯಲ್ಲಿ ಕ್ವಿನೈನಲ್ಲದೆ ಕ್ವಿನಿಡಿನ್, ಸಿಂಕೊನಿನ್, ಸಿಂಕೊನಿಡಿನ್ ಎಂಬ ಸಸ್ಯಕ್ಷಾರಗಳೂ ಇದ್ದವು. ಇವು ಜ್ವರಕ್ಕೆ ಸಲ್ಲುವುವೇ ಎಂಬುದನ್ನು ತಿಳಿಯಲು 1866ರಿಂದ 1868ರವರೆಗೆ ಮದರಾಸು ಮೊದಲಾದ ಪ್ರಾಂತಗಳ ಆಯೋಗಗಳು ಸುಮಾರು 3600 ರೋಗಿಗಳಿಗೆ ಈ ನಾಲ್ಕರಲ್ಲೊಂದನ್ನು ಕೊಟ್ಟು ನೋಡಿದವು. ಜ್ವರದ ಆವರ್ತನ ನಿಂತಿತೇ ಎಂಬುದೊಂದೇ ಅವರ ಅಳತೆಗೋಲು. ಏಕೆಂದರೆ ರಕ್ತದೊಳಗಿನ ಪರೋಪಜೀವಿಯನ್ನು ಲಾವರಾನ್ ಕಂಡುದು 1880ರಲ್ಲಿ, ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುದು 1897ರಲ್ಲಿ. ಶತ್ರುವಿನ ಮುಖ ಕಾಣದೆಯೇ ನಡೆದ ಈ ಪರೀಕ್ಷೆಯಲ್ಲಿ ನಾಲ್ಕು ಕ್ಷಾರಗಳೂ ನೂರಕ್ಕೆ ಸುಮಾರು 98 ಅಥವಾ ಅದಕ್ಕೂ ಹೆಚ್ಚು ರೋಗಿಗಳನ್ನು ಗುಣಪಡಿಸಿದವು. ಬಡವರ ಪಾಲಿಗೆ ಇದಕ್ಕಿಂತ ಶುಭವಾದ ವಾರ್ತೆ ಬೇರೊಂದಿರಲಾರದು: ಬೆಲೆಯುಳ್ಳ ಕ್ವಿನೈನೊಂದನ್ನೇ ಕಾಯಬೇಕಾಗಿಲ್ಲ, ಅಗ್ಗದ ಇತರ ಕ್ಷಾರಗಳೂ ಸಾಕೆಂಬುದು ಸಿದ್ಧವಾಯಿತು. ಬಂಗಾಳದಲ್ಲಿ 1892ರಿಂದ ಅಂಚೆಕಚೇರಿಯಲ್ಲಿಯೇ ಒಂದು ಪೈಸೆಗೊಂದು ಪೊಟ್ಟಣ ಕ್ವಿನೈನು ಮಾರುವ ಏರ್ಪಾಡೂ ಬಂದಿತು. ಆದರೂ ಸತ್ಯ ಸಿದ್ಧವಾದ ಮಾತ್ರದಿಂದ ಅದು ಹಳ್ಳಿಯ ಗುಡಿಸಲನ್ನು ತಲಪಲಿಲ್ಲವೆಂಬುದು ನನ್ನ ಮನಸ್ಸನ್ನು ಇಂದಿಗೂ ನೋಯಿಸುತ್ತದೆ. ಪರೀಕ್ಷೆಯ ಫಲಕ್ಕೂ ಹೊಳೆದಡದ ರೋಗಿಗೂ ನಡುವೆ ತಲೆಮಾರುಗಳೇ ಕಳೆದವು.

ಗಿಡಮೂಲಿಕೆಯ ಪರೀಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಚೀನದ ತೂ ಯೂಯೂ 1970ರ ದಶಕದಲ್ಲಿ ಒಂದು ಬಗೆಯ ದವನದ ಜಾತಿಯ ಗಿಡದಿಂದ ಆರ್ಟೆಮಿಸಿನಿನ್ ಪಡೆದು 2015ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಅವರ ತಂಡ ಅರಿಸಿನದ ಕರ್ಕ್ಯುಮಿನನ್ನು ಪರೀಕ್ಷಿಸಿ, ಆರ್ಟೆಮಿಸಿನಿನ್ನಿಂದಲೇ ತಯಾರಿಸಿದ ಆರ್ಟಿಈಥರಿನ ಚುಚ್ಚುಮದ್ದೊಂದರ ಬಳಿಕ ಮೂರು ಸಲ ಕರ್ಕ್ಯುಮಿನ್ ಕುಡಿಸಿದ ಇಲಿಗಳಲ್ಲಿ ಮಲೇರಿಯ ಮರುಕಳಿಸದೆ ಅವು ಬಹುಮಟ್ಟಿಗೆ ಉಳಿದುವೆಂದು 2006ರಲ್ಲಿ ಪ್ರಕಟಿಸಿತು. ಆದರೆ ಇಲಿಯಲ್ಲಿ ಸಿದ್ಧವಾದುದು ಮನುಷ್ಯನಲ್ಲಿ ಸಿದ್ಧವಾಗಲು ಮದರಾಸಿನವರು ನಡೆದ ಎಣಿಕೆಯ ಹಾದಿಯನ್ನೇ ಮತ್ತೆ ನಡೆಯಬೇಕಾಗುತ್ತದೆ.

ನಮ್ಮ ನೆಲಬೇವಿಗೂ ಮದ್ದಾಲೆಗೂ ಅದೇ ನ್ಯಾಯ ಸಲ್ಲಬೇಕು. ಹಾಸನದ ಸುತ್ತಿನ ವಿದ್ಯಾಲಯಗಳು ಆ ಕೆಲಸಕ್ಕೆ ಮನಸ್ಸು ಮಾಡಲಿ. ಅಷ್ಟರವರೆಗೆ ಚಳಿಜ್ವರ ಬಂದವರು ಕಷಾಯವನ್ನೇ ನಂಬಿ ಕಾಲಹರಣ ಮಾಡದೆ, ಮೊದಲು ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.