ಹೆರಿಗೆ ಕೋಣೆಯ ಆಚೀಚೆ

ಗದಗ ಸೀಮೆಯ ಹೆಣ್ಣುಮಕ್ಕಳ ಆರೋಗ್ಯದ ಮೇಲೆ ಮನೆ, ಮಿಷನ್, ಸರಕಾರ ಮೂರೂ ಕಣ್ಣಿಟ್ಟಿವೆ. ಆದರೆ ಆ ಕಣ್ಣು ಬಹುಕಾಲ ನೆಟ್ಟಿದ್ದು ಹೆರಿಗೆಯೊಂದರ ಮೇಲೆ. ಮೈನೆರೆಯುವ ವಯಸ್ಸಿನತ್ತ ಅದು ತಡವಾಗಿ ಹೊರಳಿತು. ಮುಟ್ಟು ನಿಲ್ಲುವ ವಯಸ್ಸಿನತ್ತ ಈಗಲೂ ಅರೆಮನಸ್ಸು.

ಸ್ವಾತಂತ್ರ್ಯಕ್ಕೆ ಮೊದಲು ಗದಗ, ಮುಂಡರಗಿ ಮುಂಬೈ ಪ್ರಾಂತದಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಹೀಗಾಗಿ 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದು ಜಗತ್ತಿಗೇ ಮೊದಲಿಗ ಎನಿಸಿಕೊಂಡರೂ ಆ ಆದೇಶ ತುಂಗಭದ್ರೆಯ ಈಚೆ ನಡೆಯುವಂತಿರಲಿಲ್ಲ. ಇಲ್ಲಿ ಇದ್ದವರು ಊರೂರಿನ ಸೂಲಗಿತ್ತಿಯರು, ಕಪ್ಪತಗುಡ್ಡದ ಬೇರು-ತೊಪ್ಪಲು ಬಲ್ಲ ನಾಟಿ ವೈದ್ಯರು. 1841ರಲ್ಲೇ ಬೆಟಗೇರಿಗೆ ಬಂದಿದ್ದ ಬಾಸೆಲ್ ಮಿಷನ್ನಿನವರು ಮುಂದೆ ಆಸ್ಪತ್ರೆಯನ್ನೂ ಕಟ್ಟಿದರು. ಜನರ ಬಾಯಲ್ಲಿ ಅದು ಜರ್ಮನ್ ದವಾಖಾನೆ. ಬಾಣಂತನ ಮಾತ್ರ ಮನೆಯಲ್ಲೇ; ಅದರ ಹಳೆಯ ಪದ್ಧತಿಯನ್ನು ಇಡಿಯಾಗಿ ಹೊಗಳುವವರೂ ಇಡಿಯಾಗಿ ತೆಗಳುವವರೂ ನನಗೆ ಒಪ್ಪಿಗೆಯಾಗುವುದಿಲ್ಲ. ಕೊಬ್ಬರಿ, ಉತ್ತತ್ತಿ, ಅಂಟು ಬಿದ್ದ ಅಂಟಿನುಂಡಿ ಬಸವಳಿದ ದೇಹಕ್ಕೆ ಒಳ್ಳೆಯ ಆಹಾರವೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗಿಟ್ಟ ಕೆಂಡದ ಹೊಗೆ ತಾಯಿಗೂ ಕೂಸಿಗೂ ಕೇಡು.

1952ರಲ್ಲಿ ಕುಟುಂಬ ಯೋಜನೆ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಕಾಲಕ್ರಮದಲ್ಲಿ ನಮ್ಮಲ್ಲಿ ಅದರ ಅರ್ಥ 'ಆಪರೇಷನ್' ಎಂದಷ್ಟೇ ಉಳಿಯಿತು, ಅದೂ ಹೆಂಗಸರದೇ. ಹೆರಿಗೆಯ ವಿಷಯದಲ್ಲಿ ಮಾತ್ರ ಗೆಲುವು ದೊಡ್ಡದು. ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ 1998-99ರಲ್ಲಿ ಶೇ. 51 ಇದ್ದದ್ದು ಐದನೆಯ ಸಮೀಕ್ಷೆಯ ಹೊತ್ತಿಗೆ ಶೇ. 97 ಆಯಿತು. ಈ ನಡುವೆ ನೆರೆಯ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹಳ್ಳಿಯ ಹೆರಿಗೆಗಳಲ್ಲಿ ನರ್ಸಮ್ಮಂದಿರ ಕೈಯಿಂದ ಮಿಸೊಪ್ರೊಸ್ಟಾಲ್ ಗುಳಿಗೆ ಕೊಡಿಸಿ ನೋಡಿದರು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 1620 ಹೆಂಗಸರ ಈ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಡಾಕ್ಟರು ಬರುವ ತನಕ ಕಾಯದೆ ಜೀವ ಉಳಿಸಬಹುದೆಂದು ಜಗತ್ತಿಗೆ ತೋರಿಸಿದ್ದರಲ್ಲಿ ಬೆಳಗಾವಿ ಸೀಮೆಯ ಹಳ್ಳಿಗಳ ಪಾಲೂ ಇದೆ.

ಹರೆಯದ ಹುಡುಗಿಯರ ಸರದಿ ಬಂದದ್ದು 2013ರ ಸುಮಾರಿಗೆ: ವಾರಕ್ಕೊಂದು ಕಬ್ಬಿಣಾಂಶದ ಗುಳಿಗೆ, ಶುಚಿ ಯೋಜನೆಯ ಪ್ಯಾಡು, ಸ್ನೇಹ ಕ್ಲಿನಿಕ್. ಗುಳಿಗೆ ಹಂಚಿದರೆ ರಕ್ತ ತುಂಬುತ್ತದೆಯೇ? ರಾಜ್ಯದಲ್ಲಿ 15ರಿಂದ 49ರ ಹೆಂಗಸರಲ್ಲಿ ರಕ್ತಹೀನತೆ ನಾಲ್ಕನೆಯ ಸಮೀಕ್ಷೆಯಲ್ಲಿ ಶೇ. 44.8 ಇತ್ತು, ಐದನೆಯದರಲ್ಲಿ ಶೇ. 47.8ಕ್ಕೆ ಏರಿತು. ಗುಳಿಗೆ ನುಂಗಿದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಲಿಂಬೆಹುಳಿ ಇದ್ದರೆ ಹೆಚ್ಚು ಹತ್ತುತ್ತದೆ. ಗಳಿಗೆಗೊಮ್ಮೆ ಚಹಾ ಕಾಯುವ ನಮ್ಮ ಕಡೆ ಇಷ್ಟನ್ನು ಹೇಳುವವರೂ ಕಡಿಮೆ.

ತಾಟಿನಲ್ಲಿ ಏನು ಬೀಳುತ್ತದೆ ಎನ್ನುವುದೇ ಮುಖ್ಯ ಎಂದು ತೋರಿಸಿದ್ದು ಗದಗಿನದೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಡಿಸೆಂಬರ್ 2021ರಿಂದ ಯಾದಗಿರಿಯೂ ಸೇರಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದರು. ಗದಗಿಗೆ ಆಗ ಅದಿರಲಿಲ್ಲ. ಎರಡೂ ಜಿಲ್ಲೆಯ ಮಕ್ಕಳನ್ನು ತೂಗಿ ನೋಡಿದಾಗ ಯಾದಗಿರಿಯ ಎಂಟನೆಯ ಇಯತ್ತೆಯ ಹುಡುಗಿಯರ ತೂಕದ ಏರಿಕೆ ಗದಗಿನ ಹುಡುಗಿಯರಿಗಿಂತ ಶೇ. 71ರವರೆಗೆ ಹೆಚ್ಚಿತ್ತು. ಎಂಟನೆಯ ಇಯತ್ತೆ ಎಂದರೆ ಬಹುತೇಕ ಹುಡುಗಿಯರು ದೊಡ್ಡವರಾಗುವ ಹೊತ್ತು. ಮೊಟ್ಟೆಗೆ ಮಠಾಧೀಶರ ವಿರೋಧ ಬಂತು, ಚರ್ಚೆ ಶಾಕಾಹಾರದ ಸುತ್ತ ಸುತ್ತಿತು. ನಮ್ಮ ಹುಡುಗಿಯರು ಹಿಂದುಳಿದ ಮಾತು ಅಷ್ಟು ದೊಡ್ಡ ದನಿಯಲ್ಲಿ ಕೇಳಲಿಲ್ಲ. ಮುಂದೆ ಮೊಟ್ಟೆ ರಾಜ್ಯಕ್ಕೆಲ್ಲ ಬಂತೆನ್ನುವುದು ಸಮಾಧಾನ.

ಬಸಿರಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಗೆ ಈಗ 75 ಗ್ರಾಂ ಗ್ಲುಕೋಸ್ ಕುಡಿಸಿ ರಕ್ತ ನೋಡುವ ಸರಳ ವಿಧಾನವಿದೆ; ಉಪವಾಸ ಬೇಕಿಲ್ಲ, ಚೆನ್ನೈನ ಡಾ. ವಿ. ಶೇಷಯ್ಯ ಅವರ ಬಳಗ ರೂಢಿಗೆ ತಂದದ್ದು. ಹೀಗೆ ಸಕ್ಕರೆ ಏರಿದವಳಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು, ಹೆರಿಗೆಯ ನಂತರವೂ ತಪಾಸಣೆ ನಡೆಯುತ್ತಿರಬೇಕು. ಆದರೆ ಕೂಸಿನ ಚುಚ್ಚುಮದ್ದು ಮುಗಿದೊಡನೆ ತಾಯಿ ಕಾರ್ಡು ಟ್ರಂಕಿನ ತಳ ಸೇರುತ್ತದೆ. ಅವಳಿಗೂ ದವಾಖಾನೆಗೂ ಸಂಬಂಧ ಅಲ್ಲಿಗೆ ಕಡಿಯುತ್ತದೆ.

ನಲವತ್ತರ ಆಸುಪಾಸಿನಲ್ಲಿ ಮುಟ್ಟು ಏರುಪೇರಾಗುತ್ತದೆ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46ರ ಹೊತ್ತಿಗೆ, ಪಶ್ಚಿಮದವರಿಗಿಂತ ಬೇಗ. ಯಾರೂ ಕೇಳದ ಈ ವಯಸ್ಸಿಗೆ ನಮ್ಮಲ್ಲಿ ಸಿಕ್ಕ ಉತ್ತರ 'ಚೀಲ ತೆಗಿಸಿಬಿಡು'. ಕಲಬುರಗಿಯ ತಾಂಡಾಗಳಲ್ಲಿ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದದ್ದು 2015ರಲ್ಲಿ ಹೊರಬಿತ್ತು. ಅನವಶ್ಯಕ ಶಸ್ತ್ರಕ್ರಿಯೆ ತಡೆಯಲು 2022ರಲ್ಲಿ ಕೇಂದ್ರದ ಮಾರ್ಗಸೂಚಿ ಬಂತು, 2023ರಲ್ಲಿ ಅದನ್ನು ಜಾರಿ ಮಾಡಿರೆಂದು ಸುಪ್ರೀಂ ಕೋರ್ಟು ಹೇಳಿತು. ಗುಳಿಗೆ, ಹಾರ್ಮೋನು ಒಸರುವ ಕಾಪರ್-ಟಿಯಂಥ ಸಾಧನ, ಇವುಗಳಿಂದ ಎಷ್ಟೋ ರಕ್ತಸ್ರಾವ ಹತೋಟಿಗೆ ಬರುತ್ತದೆ. ಅಂಡಾಶಯವನ್ನೂ ಕೂಡಿಯೇ ತೆಗೆದರೆ ಎಲುಬಿನ ಸವೆತ, ಹೃದಯದ ಕಾಯಿಲೆ ಬೇಗ ಬೆನ್ನು ಹತ್ತುತ್ತವೆ.

ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನು ಚಿಕಿತ್ಸೆಯ ಕತೆ ಬೇರೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರು, ಹೃದಯಾಘಾತದ ಅಪಾಯ ಕಂಡು ಅರ್ಧಕ್ಕೆ ನಿಂತಿತು. ಜಗತ್ತಿನ ವೈದ್ಯರೆಲ್ಲ ಹಿಂಜರಿದರು. ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಲೆಕ್ಕ ಬೇರೆ ಎಂದು ಆಮೇಲಿನ ವಿಶ್ಲೇಷಣೆಗಳು ಹೇಳಿದವು. ಮುಂಡರಗಿ ಕಡೆಗೆ ಇನ್ನೊಂದು ತೊಡಕಿದೆ: ಅಲ್ಲಿಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಐವತ್ತರ ಹೆಂಗಸಿನ ಕೀಲುನೋವು ಫ್ಲೋರೈಡಿನದೋ ಹಾರ್ಮೋನಿನದೋ ಎಂದು ಬಿಡಿಸಿ ನೋಡಬೇಕಾದಲ್ಲಿ ಎರಡಕ್ಕೂ ಸಿಗುವ ಮಾತು 'ವಯಸ್ಸಾತು ಬಿಡವ್ವ'.

ಸೌಲಭ್ಯ ಇಲ್ಲವೆಂದಲ್ಲ: 2015ರಿಂದ ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. ಮೂವತ್ತು ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಸ್ತನದ ಗಂಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವದ ಪ್ರಶ್ನೆಗಳಿವೆ. ಎರಡೂ ಕ್ಯಾನ್ಸರಿನ ಸುಳಿವಿಗೆ. ರಾತ್ರಿ ಮೈ ಬೆವರಿ ನಿದ್ದೆ ಕೆಡುವುದನ್ನು ಅದು ಕೇಳುವುದಿಲ್ಲ. ಮುಟ್ಟಿನ ರಜೆಯೂ ಎಲ್ಲರನ್ನು ತಲುಪುವುದಿಲ್ಲ: 2025ರಲ್ಲಿ ರಾಜ್ಯ ಸರಕಾರ 18ರಿಂದ 52 ವರ್ಷದ ನೌಕರಸ್ಥ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಘೋಷಿಸಿತು. ಕಾರ್ಖಾನೆ, ಅಂಗಡಿ, ಕಂಪನಿಗಳಿಗೆ ಅದು ಅನ್ವಯ. ಬೆಟಗೇರಿಯ ಮನೆಮಗ್ಗದಲ್ಲಿ ಕೂತವಳಿಗೆ, ಶಿರಹಟ್ಟಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವಳಿಗೆ ರಜೆ ಕೊಡಬೇಕಾದವರು ಯಾರು ಎನ್ನುವುದಕ್ಕೆ ಆ ಆದೇಶದಲ್ಲಿ ಉತ್ತರವಿಲ್ಲ.