ಹುಲ್ಲಿನ ಒಡಲಿಗೆ ಶಿಲೀಂಧ್ರದ ಕಸಿ

ಸಸ್ಯದ ಒಡಲೊಳಗೆ ರೋಗ ತಾರದೆ ವಾಸಿಸುವ ಶಿಲೀಂಧ್ರಗಳಿಗೆ ಎಂಡೋಫೈಟ್ ಎಂದು ಹೆಸರು. ನ್ಯೂಜಿಲೆಂಡಿನ ಮುಖ್ಯ ಮೇವಾದ ಬಹುವಾರ್ಷಿಕ ರೈಗ್ರಾಸ್ ಹುಲ್ಲಿನ ಜೀವಕೋಶಗಳ ನಡುವೆ ಎಪಿಕ್ಲೋಯಿ ಎಂಬ ಅಂತಹ ಶಿಲೀಂಧ್ರವಿದೆ. ಹೊರಗಿನಿಂದ ನೋಡಿದರೆ ಅದರ ಸುಳಿವೇ ಸಿಗದು. ಹುಲ್ಲಿನಿಂದ ಆಹಾರ ಪಡೆಯುವ ಇದು, ಪ್ರತಿಯಾಗಿ ಕೀಟಗಳಿಗೆ ಒಗ್ಗದ ರಾಸಾಯನಿಕಗಳನ್ನು ತಯಾರಿಸುತ್ತದೆ.

ಈ ಸಾಂಗತ್ಯ ಜಾನುವಾರುಗಳಿಗೆ ಮಾತ್ರ ದುಬಾರಿಯಾಗಿತ್ತು. ಬೇಸಿಗೆ, ಶರತ್ಕಾಲಗಳಲ್ಲಿ ಹುಲ್ಲನ್ನು ಬುಡದವರೆಗೆ ಮೇಯ್ದ ಕುರಿಗಳು ನಡುಗುತ್ತಿದ್ದವು. ಅಟ್ಟಿದರೆ ತತ್ತರಿಸಿ ಬೀಳುತ್ತಿದ್ದವು. ಈ ಬೇನೆಗೂ ಶಿಲೀಂಧ್ರಕ್ಕೂ ಇರುವ ನಂಟು 1981ರಲ್ಲಿ ಬೆಳಕಿಗೆ ಬಂತು. ಶಿಲೀಂಧ್ರ ತಯಾರಿಸುವ ಲೋಲಿಟ್ರೆಮ್ ಬಿ ಎಂಬ ನರವಿಷವೇ ಕಾರಣವೆಂದು ಬಳಿಕ ಗುರುತಿಸಲಾಯಿತು. ಶಿಲೀಂಧ್ರವಿಲ್ಲದ ಬೀಜವನ್ನು ಬಿತ್ತಿದರಾಯಿತಲ್ಲ ಎನ್ನಿಸಬಹುದು. ಆದರೆ ಅಂತಹ ಹುಲ್ಲುಗಾವಲನ್ನು ಅರ್ಜೆಂಟೈನಾ ಮೂಲದ, ಕಾಂಡ ಕೊರೆಯುವ ಮೂತಿಹುಳು ಹಾಳುಗೆಡವಿತು. ಆ ಹುಳುವನ್ನು ದೂರವಿಡುತ್ತಿದ್ದ ಪೆರಾಮಿನ್ ಕೂಡ ಅದೇ ಶಿಲೀಂಧ್ರದ ಕೊಡುಗೆ!

ಹೀಗಾಗಿ ಪೆರಾಮಿನ್ ಕೊಡುವ, ಆದರೆ ನರವಿಷ ಕೊಡದ ಶಿಲೀಂಧ್ರ ತಳಿಗಳಿಗೆ ಶೋಧ ನಡೆಯಿತು. ಅವು ನಿಸರ್ಗದಲ್ಲೇ ಇದ್ದವು. ಇದು ಕುಲಾಂತರಿ ತಂತ್ರವಲ್ಲ ಎಂಬುದನ್ನು ಗಮನಿಸಬೇಕು. ಅವುಗಳನ್ನು ಹುಲ್ಲಿಗೆ ಸೇರಿಸಲು ಲ್ಯಾಚ್ ಮತ್ತು ಕ್ರಿಸ್ಟೆನ್ಸನ್ ಎಂಬ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ ವಿಧಾನ ನೆರವಿಗೆ ಬಂತು. ಶಿಲೀಂಧ್ರರಹಿತ ಬೀಜದ ಮೇಲ್ಮೈಯನ್ನು ಶುದ್ಧಗೊಳಿಸಿ ಮೊಳೆಯಿಸುತ್ತಾರೆ. ಕೆಲವೇ ದಿನಗಳ ಎಳೆಸಸಿಯ ಸುಳಿಯ ಬಳಿ ಸಣ್ಣ ಸೀಳು ಮಾಡಿ, ಪ್ರಯೋಗಾಲಯದಲ್ಲಿ ಬೆಳೆಸಿದ ಶಿಲೀಂಧ್ರದ ಎಳೆಗಳನ್ನು ಅದರೊಳಗೆ ಇರಿಸುತ್ತಾರೆ. ಕೈ ಒಂದಿಷ್ಟು ನಡುಗಿದರೂ ಸಸಿ ಕೆಟ್ಟಿತು. ಎಷ್ಟೋ ಸಸಿಗಳಲ್ಲಿ ಶಿಲೀಂಧ್ರ ನೆಲೆಯೂರುವುದೇ ಇಲ್ಲ. ನೆಲೆಯೂರಿದರೆ ಮತ್ತೆ ಕಸಿ ಬೇಕಿಲ್ಲ. ತಾಯಿಗಿಡದ ಬೀಜದೊಂದಿಗೆ ಮುಂದಿನ ಪೀಳಿಗೆಗೆ ಅದು ತಾನಾಗಿ ಸಾಗುತ್ತದೆ. ಪರಾಗದ ಮೂಲಕ ಹರಡುವುದಿಲ್ಲ.

ಇಂತಹ ‘ಎಆರ್1’ ತಳಿ 2001ರಲ್ಲಿ ಮಾರುಕಟ್ಟೆಗೆ ಬಂತು. ಕುರಿಗಳ ತತ್ತರಿಕೆ ನಿಂತಿತಾದರೂ ಬೇರಿನ ಹೇನಿನಂತಹ ಕೀಟಗಳೆದುರು ಅದು ದುರ್ಬಲ. 2007ರಲ್ಲಿ ಬಂದ ‘ಎಆರ್37’ ಹೆಚ್ಚು ಕೀಟಗಳನ್ನು ತಡೆಯುತ್ತದೆ. ಆದರೆ ಅದನ್ನು ಮೇಯ್ದ ಕುರಿಗಳಲ್ಲಿ ಒಮ್ಮೊಮ್ಮೆ ತತ್ತರಿಕೆ ಕಾಣಿಸುವುದುಂಟು. ಹೊಲಕ್ಕೆ ಯಾವ ತಳಿ ತಕ್ಕುದೆಂಬುದನ್ನು ಅಲ್ಲಿನ ಕೀಟಗಳೂ ಮೇಯುವ ಜಾನುವಾರುಗಳೂ ನಿರ್ಧರಿಸಬೇಕು.

ದಾಸ್ತಾನಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಬಿಸಿ ಹಾಗೂ ತೇವವಿರುವ ಗೋದಾಮಿನಲ್ಲಿ ಶಿಲೀಂಧ್ರ ಬೀಜಕ್ಕಿಂತ ಮೊದಲೇ ಸಾಯುತ್ತದೆ. ಬೀಜವಾದರೋ ಎಂದಿನಂತೆ ಮೊಳೆಯುತ್ತದೆ. ಮೊಳಕೆಯ ಪ್ರಮಾಣ ನೋಡಿ ಈ ನಷ್ಟ ತಿಳಿಯದಾದ್ದರಿಂದ, ಜೀವಂತ ಶಿಲೀಂಧ್ರ ಎಷ್ಟು ಸಸಿಗಳಲ್ಲಿದೆ ಎಂದು ಪ್ರತ್ಯೇಕವಾಗಿ ಪರೀಕ್ಷಿಸಲಾಗುತ್ತದೆ.